ನೆಂಟರಿಗೆಂದು ಹೆಚ್ಚಿಗೆ ಇಟ್ಟ ಬೆಂಕಿ

ಬೆಳಗ್ಗೆ ಆರೂ ಹತ್ತು. ಸಿಂಗಪುರದ ಉಬಿ ಬಡಾವಣೆಯ ವರ್ಕ್‌ಶಾಪ್‌ಗಳ ಶಟರ್ ಇನ್ನೂ ಏರಿಲ್ಲ. ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತೆರಡರ ಸುನಂದಾ ಹೆಡ್‌ಸೆಟ್ ಹಾಕಿಕೊಂಡು ಫೋನನ್ನೇ ನೋಡುತ್ತ ಕೂತಿದ್ದಾರೆ. ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿ ಆರುತ್ತಿದೆ.

"ಇವತ್ತು ಮಾತಾಡೋಕೆ ಮನಸ್ಸಿಲ್ಲ, ಬೇಜಾರ್ ಮಾಡ್ಕೋಬೇಡಿ. ಅವರ ಕಾಲ್ ಬರ್ಲಿ ಮೊದ್ಲು" ಎಂದು ಪೇಪರಿಗೆ ಬರೆಯಲು ಬಂದ ನನಗೆ ಅನ್ನುತ್ತಾರೆ.

ಸುನಂದಾ ಅವರ ಕೆಲಸ ಕೇಳಿದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ವರ್ಷವಿಡೀ ಬೆವರು ಸುರಿಯುವ ಸಿಂಗಪುರದಲ್ಲಿ ಕೂತು, ಮನೆ ಬೆಚ್ಚಗಿಡುವ ಸೌದೆ ಒಲೆ ಆಯ್ದುಕೊಡುವುದು! ಅವರ ಕಂಪನಿ ನ್ಯೂಜಿಲೆಂಡಿಗೆ ಒಲೆ ಕಳಿಸುತ್ತದೆ. ಅಲ್ಲೀಗ ಜುಲೈ ಚಳಿ, ಗಂಟೆ ಹತ್ತು ದಾಟಿದೆ. ಅದಕ್ಕೇ ಇವರು ಹೌಗಾಂಗಿನ ಮನೆಯಿಂದ ಮೊದಲ ಬಸ್ ಹಿಡಿಯುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕಾಲ್, ಮೂವತ್ತು ಚಿಲ್ಲರೆ ಮೇಲ್. ಮನೆ ಎಷ್ಟು ಉದ್ದ, ಸೂರು ಎಷ್ಟು ಎತ್ತರ, ಕಿಟಕಿಗೆ ಒಂದು ಗಾಜೋ ಎರಡೋ ಎಂದು ಕೇಳಿ, ಲೆಕ್ಕ ಹಾಕಿ, ಇಷ್ಟು ಕಿಲೋವ್ಯಾಟಿನ ಒಲೆ ಸಾಕು ಎಂದು ಹೇಳುತ್ತಾರೆ. ಹೆಚ್ಚಿನವು ಎರಡು ರೂಮಿನ ಸಣ್ಣ ಮನೆಗಳು.

ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು ಇವರು. ಗಂಡ ದತ್ತಾತ್ರೇಯರ ಜೊತೆ ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷ ಕೆಲಸವೇ ಸಿಗಲಿಲ್ಲ. "ರೆಸ್ಯೂಮೆ ಕಳಿಸಿ ಕಳಿಸಿ ಸಾಕಾಗಿತ್ತು. ಗ್ಯಾಪ್ ನೋಡಿದ ತಕ್ಷಣ ರಿಜೆಕ್ಟ್ ಮಾಡೋರು. ಕೊನೆಗೆ ಈ ಕಂಪನಿಯವರು ಕಸ್ಟಮರ್ ಸಪೋರ್ಟ್ ಅಂತ ತಗೊಂಡ್ರು. ಈಗ್ಲೂ ಕಾರ್ಡಲ್ಲಿ ಅದೇ ಇದೆ." ಮಗಳು ಇಶಿತಾ ತನ್ನ ಸ್ನೇಹಿತೆಯರಿಗೆ ಅಮ್ಮನ ಕೆಲಸ ಹೇಳುವುದಿಲ್ಲ. "ಯಾರೂ ನಂಬಲ್ಲ ಲಾ!" ಎಂದು ಸಿಂಗಪುರದವರ ಧಾಟಿಯಲ್ಲೇ ಅನ್ನುತ್ತಾಳಂತೆ.

ಫೋನಿಗಾಗಿ ಕಾಯುತ್ತಿರುವುದಕ್ಕೆ ಕಾರಣ ಅವರದೇ ಒಂದು ತಪ್ಪು. ಆ ತಪ್ಪನ್ನು ನಮ್ಮವರಷ್ಟೇ ಮಾಡಲು ಸಾಧ್ಯ ಎನಿಸುತ್ತದೆ.

ಜೂನ್ ಮೊದಲ ವಾರ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಬ್ಬ ನಿವೃತ್ತ ನರ್ಸ್ ಒಲೆ ಕೇಳಿದ್ದರು. ಒಂಟಿ ಹೆಂಗಸು, ಸಣ್ಣ ಮನೆ. ಲೆಕ್ಕಕ್ಕೆ ಬಂದದ್ದು ಏಳು ಕಿಲೋವ್ಯಾಟ್. ಮಾತಿನ ನಡುವೆ ಆಕೆ, ತಂಗಿಯ ಮನೆಯವರೂ ಆಗಾಗ ಬಂದು ಉಳಿಯುತ್ತಾರೆ ಎಂದರು. ಸುನಂದಾ ಹನ್ನೊಂದು ಕಿಲೋವ್ಯಾಟಿನದು ಬರೆದುಬಿಟ್ಟರು.

"ನಮ್ಮನೇಲಿ ಅನ್ನಕ್ಕಿಡೋವಾಗ ಯಾರಾದ್ರೂ ಬಂದ್ರೆ ಅಂತ ಒಂದು ಹಿಡಿ ಜಾಸ್ತಿ ಹಾಕ್ತೀವಲ್ಲ, ಹಾಗೆ ಹಾಕ್ಬಿಟ್ಟೆ! ಅನ್ನ ಮಿಕ್ಕಿದ್ರೆ ಚಿತ್ರಾನ್ನ ಮಾಡ್ಬಹುದು. ಬೆಂಕಿ ಮಿಕ್ಕಿದ್ರೆ?"

ಮಿಕ್ಕ ಬೆಂಕಿ ಸುಮ್ಮನಿರುವುದಿಲ್ಲ. ಸಣ್ಣ ಮನೆಗೆ ದೊಡ್ಡ ಒಲೆಯಾದರೆ ಸೆಕೆ ತಡೆಯಲಾಗುವುದಿಲ್ಲ. ಉರಿ ತಗ್ಗಿಸಲೆಂದು ಒಲೆಗೆ ಗಾಳಿ ಹೋಗುವ ಕಿಂಡಿಯನ್ನು ಜನ ಮುಚ್ಚುತ್ತಾರೆ. ಸೌದೆ ಉರಿಯದೆ ಹೊಗೆಯಾಡುತ್ತದೆ. ಆ ಹೊಗೆ ಚಿಮಣಿಯೊಳಗೆ ಟಾರಿನಂತೆ ಅಂಟುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ.

ಹೋದ ವಾರ ನರ್ಸ್ ಒಂದು ಫೋಟೋ ಕಳಿಸಿದರು. ಒಲೆ ತುಂಬಾ ಚೆನ್ನಾಗಿದೆ, ಕಿಂಡಿ ಮುಚ್ಚೇ ಇಡುತ್ತೇನೆ, ಒಲೆ ಬಾಗಿಲಿನ ಗಾಜು ಯಾಕೋ ಕಪ್ಪಾಗಿದೆ ಎಂದು ಬರೆದಿದ್ದರು. ಗಾಜು ನೋಡಿದ ಕೂಡಲೇ ಚಿಮಣಿಯಲ್ಲೂ ಹೊಗೆ ಕಟ್ಟುತ್ತಿದೆ ಎಂದು ಸುನಂದಾಗೆ ಹೊಳೆಯಿತು. "ಕಾಲ್ ಮಾಡಿದ್ರೆ ಎತ್ತುತ್ತಾನೇ ಇಲ್ಲ. ಒಂದೂವರೆ ಗಂಟೆ! ಮನೆ ಸುಟ್ಟೇ ಹೋಯ್ತು ಅನ್ಕೊಂಡೆ. ಆಮೇಲೆ ನೋಡಿದ್ರೆ ಅವರು ತೋಟದಲ್ಲಿ ಕೋಳಿಗೆ ಕಾಳು ಹಾಕ್ತಿದ್ರು."

ಒಲೆ ಹಚ್ಚಬೇಡಿ ಎಂದು ಹೇಳಿ, ಚಿಮಣಿ ಗುಡಿಸುವವರನ್ನು ಕಳಿಸಿದರು. ಕೊಳವೆ ಅರ್ಧ ಕಟ್ಟಿತ್ತು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇವರು ನೇರ ಮ್ಯಾನೇಜರ್ ಕುನಾಲ್ ಎದುರು ನಿಂತು, ತಪ್ಪು ನನ್ನದು, ಒಲೆ ಬದಲಾಯಿಸಿಕೊಡಿ ಎಂದರು. ಅಲ್ಲಿನ ಗೋದಾಮಿನಿಂದಲೇ ತರಿಸಿದ ಏಳು ಕಿಲೋವ್ಯಾಟಿನ ಒಲೆ ನಿನ್ನೆ ಕೂತಿದೆ. ನಿನ್ನೆ ರಾತ್ರಿ ಅಲ್ಲಿ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿತ್ತು. ಅಂಥ ಚಳಿಗೆ ಈ ಪುಟ್ಟ ಒಲೆ ಸಾಲದೇ ಹೋಗಿದ್ದರೆ?

ಆರೂ ನಲವತ್ತಕ್ಕೆ ಫೋನ್ ಬರುತ್ತದೆ. ಸುನಂದಾ ಸ್ಪೀಕರ್ ಹಾಕುತ್ತಾರೆ. ನರ್ಸ್ ಜೋರಾಗಿ ನಗುತ್ತಿದ್ದಾರೆ. ಗಾಜು ಕನ್ನಡಿಯ ಹಾಗಿದೆಯಂತೆ, ಉರಿ ಹಳದಿಯಾಗಿ ಕುಣಿಯುತ್ತಿದೆಯಂತೆ. ತಂಗಿಯ ಮನೆಯವರು ಏಳು ಜನ ಬಂದಿದ್ದರಂತೆ. ಸೆಕೆಯಾಗಿ ಕಿಟಕಿ ತೆರೆದರಂತೆ!

"ಜನ ಸೇರಿದ್ರೆ ಅವರ ಮೈ ಶಾಖಾನೇ ಒಂದು ಕಿಲೋವ್ಯಾಟಿನ ಹತ್ತಿರ ಬರುತ್ತೆ. ಓದಿದ್ದೆ, ಮರ್ತಿದ್ದೆ" ಎಂದು ಸುನಂದಾ ಹಣೆ ಚಚ್ಚಿಕೊಳ್ಳುತ್ತಾರೆ. ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ನನಗೂ ಎದೆ ಹಗುರಾಗಿ, ಅವರ ಡಬ್ಬಿಯ ಚಕ್ಕುಲಿಯೊಂದನ್ನು ಕೇಳದೇ ತೆಗೆದುಕೊಂಡೆ.

ನಿಮ್ಮ ಹೆಸರು ಪೇಪರಿನಲ್ಲಿ ಬಂದರೆ ಖುಷಿಯಾಗುತ್ತದೆಯೇ ಎಂದು ಕೇಳಿದೆ.

"ಆಗುತ್ತೆ, ಸುಳ್ಳು ಯಾಕೆ. ಆದ್ರೆ ಆ ಮನೆಗಳಲ್ಲಿ ಯಾರಿಗೂ ನನ್ನ ಹೆಸರು ನೆನಪಿರಬಾರದು. ನೆನಪು ಮಾಡ್ಕೊಂಡ್ರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಬೆಚ್ಚಗೆ ಮಲಗಿದೋರು ಯಾಕ್ರೀ ನನ್ನ ನೆನೆಸ್ತಾರೆ?"