ಭಾವ ಸರಿಪಡಿಸಿದ ಎಂಟು ನಿಮಿಷ

ನನ್ನ ಭಾವ, ಅಂದರೆ ಅಕ್ಕನ ಗಂಡ, ಜೀವಮಾನದಲ್ಲಿ ಯಾರಿಗೂ ಒಂದೇಟು ಹೊಡೆದವರಲ್ಲ. ತಿಂದ ಏಟಿಗೆ ಮಾತ್ರ ಲೆಕ್ಕವಿಲ್ಲ. ನಾನು ಅದಕ್ಕೆ ತದ್ವಿರುದ್ಧ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವನು. ಬಾಯಿ ತೆರೆಯುವ ಮುಂಚೆ ನನ್ನ ಕೈ ಎದ್ದಿರುತ್ತದೆ. ಅಂಥ ನಾನು ಅವರ ಮನೆಯ ಮಹಡಿ ಕೋಣೆಯಲ್ಲಿ ಒಂಬತ್ತು ವರ್ಷ ಇದ್ದೆ. ಒಂದು ದಿನವೂ ನಮ್ಮಿಬ್ಬರಿಗೆ ಜಗಳವಾಗಲಿಲ್ಲ. ನಾನು ಕೂಗಾಡಿದರೆ ಅವರು ಸುಮ್ಮನೆ ನನ್ನ ಮುಖ ನೋಡುತ್ತಾ ಕೂರುವರು, ಮುಗಿದ ಮೇಲೆ "ಊಟ ಮಾಡೋಣ್ವಾ?" ಎನ್ನುವರು. ಅಂಥವರ ಜೊತೆ ಹೇಗೆ ಜಗಳವಾಡುವುದು?

ಅವರ ಕೆಲಸ ಗಡಿಯಾರದ್ದು. ಅಂಗಡಿ ಇಟ್ಟು ಕೈಗಡಿಯಾರಕ್ಕೆ ಸೆಲ್ ಹಾಕುವುದಲ್ಲ. ಹಾಗೆ ಅಂದವರನ್ನು ಅಕ್ಕ ಸುಮ್ಮನೆ ಬಿಡುತ್ತಿರಲಿಲ್ಲ. ಆಸ್ಪತ್ರೆ, ಶಾಲೆ, ಕಾರ್ಖಾನೆಯಂಥ ದೊಡ್ಡ ಕಟ್ಟಡಗಳಿಗೆ ಮಾಸ್ಟರ್ ಕ್ಲಾಕ್ ಕೂರಿಸುವುದು. ಒಂದು ಕೋಣೆಯಲ್ಲಿ ತಾಯಿ ಗಡಿಯಾರ, ಮಿಕ್ಕ ಗೋಡೆಗಳ ಮೇಲೆಲ್ಲ ಮರಿ ಗಡಿಯಾರ. ಮರಿಗಳಿಗೆ ಸ್ವಂತ ಬುದ್ಧಿಯಿಲ್ಲ. ತಾಯಿ ನಿಮಿಷಕ್ಕೊಮ್ಮೆ ತಂತಿಯಲ್ಲಿ ಒಂದು ತಟ್ಟು ಕಳಿಸುತ್ತದೆ, ಕಟ್ಟಡದ ಮುಳ್ಳುಗಳೆಲ್ಲ ಒಟ್ಟಿಗೆ ಒಂದು ಹೆಜ್ಜೆ ಇಡುತ್ತವೆ. ಜೋಡಿಸುವಾಗ ಒಂದು ಮರಿಯ ಕೆಂಪು ತಂತಿ, ಕಪ್ಪು ತಂತಿ ಅದಲುಬದಲಾದರೆ ಅದೊಂದು ಸದಾ ಒಂದು ನಿಮಿಷ ಹಿಂದೆ ಉಳಿಯುತ್ತದಂತೆ. ಭಾವ ಅಂಥದ್ದನ್ನು ದೂರದಿಂದಲೇ ಹಿಡಿದು ಸ್ಟೂಲು ಹತ್ತಿಬಿಡುವರು. ಜನ ಅವರನ್ನು ಕರೆಯುತ್ತಿದ್ದದ್ದೇ ಸೆಕೆಂಡಣ್ಣ ಎಂದು.

ಈ ಹುಚ್ಚು ಅವರಿಗೆ ಹತ್ತಿದ್ದು ಅವರ ಅಪ್ಪನ ಬೆಲ್ಟಿನಿಂದ. ಆ ಮಹಾಶಯ ಗೋಡೆ ಗಡಿಯಾರದ ಕೆಳಗೇ ಬೆಲ್ಟು ತೂಗುಹಾಕಿದ್ದ. ಶಾಲೆಯಿಂದ ಐದು ಗಂಟೆಯೊಳಗೆ ಮನೆ ಸೇರಬೇಕು, ತಡವಾದ ಒಂದೊಂದು ನಿಮಿಷಕ್ಕೆ ಒಂದೊಂದು ಏಟು. ಹುಡುಗ ಉಸಿರು ಬಿಗಿಹಿಡಿದು ಓಡಿ ಬಂದರೂ ದಿನಾ ಏಳು ನಿಮಿಷ ತಡ, ದಿನಾ ಏಳು ಏಟು. ತೊಡೆಯ ಹಿಂದಿನ ಗಾಯ ಒಣಗುವುದಕ್ಕೆ ಪುರಸೊತ್ತೇ ಸಿಗುತ್ತಿರಲಿಲ್ಲವಂತೆ. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ದಿನ ಪಕ್ಕದ ಮನೆಯ ರೇಡಿಯೊ ಐದು ಗಂಟೆ ಎಂದು ಹೇಳುವುದು ಕಿಟಕಿಯಿಂದ ಕೇಳಿಸಿತು. ಮನೆಯ ಗಡಿಯಾರ ನೋಡಿದರೆ ಐದೂ ಏಳು. ಅಷ್ಟು ವರ್ಷ ಗಡಿಯಾರದ ತಪ್ಪಿಗೆ ತಾನು ಏಟು ತಿಂದಿದ್ದೆ ಎಂದು ಗೊತ್ತಾದದ್ದು ಆಗ. ಕುರ್ಚಿ ಹತ್ತಿ ಮುಳ್ಳನ್ನು ಸರಿಮಾಡಿದರು. ಗಡಿಯಾರ ಮುಟ್ಟಿದ್ದಕ್ಕೆ ಅಪ್ಪ ಕುರ್ಚಿಯಿಂದ ಎಳೆದು ಹಾಕಿದ, ಭುಜದ ಮೂಳೆ ಮುರಿಯಿತು. ಆದರೆ ಮುಳ್ಳನ್ನು ಮತ್ತೆ ಮೊದಲಿನಂತೆ ತಿರುಗಿಸಿಡುವುದು ಅವನಿಗೂ ತೋಚಲಿಲ್ಲ. ಮಾರನೇ ವಾರ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ಕಟ್ಟಿಕೊಂಡು ಹುಡುಗ ಬಾಗಿಲಿಗೆ ಬಂದಾಗ ಸರಿಯಾಗಿ ಐದು. ಅಪ್ಪ ಬೆಲ್ಟು ಹಿಡಿದು ನಿಂತಿದ್ದವನು ಗಡಿಯಾರ ನೋಡಿ ಅದನ್ನು ಮೊಳೆಗೆ ತೂಗುಹಾಕಿ ಒಳಗೆ ಹೋದ.

"ಗಡಿಯಾರ ಸರಿಯಿದ್ರೆ ಮನುಷ್ಯರು ಅರ್ಧ ಸರಿಹೋಗ್ತಾರೆ ಕಣೋ," ಎಂದು ಭಾವ ಹೇಳುತ್ತಿದ್ದರು. ಇದನ್ನು ಅವರು ಪೂರ್ತಿ ನಂಬಿದ್ದರು.

ಇನ್ನು ನನ್ನ ಕಥೆ. ನಾನು ಎರಕದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯವನು. ಕರಗಿದ ಕಬ್ಬಿಣ ಹೊರುವ ದೊಡ್ಡ ಬಾನಿ ವಾಲದಂತೆ ಒಂದು ಕೊಂಡಿ ಇರುತ್ತದೆ. ಪಾಳಿ ಮುಗಿಸಿ ಹೋಗುವವನು ಅದನ್ನು ಹಾಕಿ ಹೋಗಬೇಕು. ಒಂದು ದಿನ ಹಾಕಿರಲಿಲ್ಲ. ಮಧ್ಯಾಹ್ನದ ಪಾಳಿಯವನೊಬ್ಬನ ಪಾದದ ಮೇಲೆ ಕಬ್ಬಿಣ ಚೆಲ್ಲಿತು. ಬೂಟಿನೊಳಗಿಂದ ಹೊಗೆ ಬಂತಂತೆ. ಕತ್ತರಿಸಿ ತೆಗೆದಾಗ ಬೆರಳುಗಳು ಬೂಟಿನಲ್ಲೇ ಉಳಿದವಂತೆ. ಅವನ ತಮ್ಮನೂ ಅದೇ ಪಾಳಿಯವನು, ಆರೂವರೆ ಅಡಿ ಆಳು, ಎಲ್ಲರೂ ಏಣಿ ಎನ್ನುತ್ತಿದ್ದರು. ಕೊಂಡಿ ಹಾಕದವನು ಇವನೇ ಎಂದು ಏಣಿ ನಾಲ್ಕು ಜನರ ಮುಂದೆ ನನ್ನತ್ತ ಬೆರಳು ತೋರಿಸಿದ. ಬಸ್ ನಿಲ್ದಾಣದಲ್ಲಿ ನಾನು ಅವನ ಎರಡು ಹಲ್ಲು ಉದುರಿಸಿದೆ. ರಕ್ತ ಉಗುಳಿ ಅವನು, "ನಿನ್ನ ಎರಡೂ ಕೈ ಮುರೀದಿದ್ರೆ ಕೇಳು," ಎಂದ. ಕೊಂಡಿ ಹಾಕದವನು ನಾನೇ. ಹಾಗಿದ್ದೂ ಹಲ್ಲು ಉದುರಿಸಿದೆ, ಬಹುಶಃ ಅದಕ್ಕೇ ಉದುರಿಸಿದೆ.

ಆಮೇಲೆ ಎರಡು ಪಾಳಿಗಳೂ ಎರಡು ದಂಡಾದವು. ನಮ್ಮವನೊಬ್ಬನ ಕಿವಿ ಹರಿಯಿತು, ಅವರವನೊಬ್ಬನ ಪಕ್ಕೆಲುಬು ಮುರಿಯಿತು. ಎಲ್ಲ ರಸ್ತೆಯಲ್ಲೇ; ಕಾರ್ಖಾನೆಯೊಳಗೆ ಮಾತ್ರ ಹನ್ನೊಂದು ತಿಂಗಳು ಏನೂ ಆಗಲಿಲ್ಲ. ಕಾರಣ ಎರಡು ಕೆಟ್ಟ ಗಡಿಯಾರಗಳು. ಬಟ್ಟೆ ಬದಲಾಯಿಸುವ ಉದ್ದನೆಯ ಕೋಣೆಗೆ ಎರಡು ಬಾಗಿಲು: ಅವರು ಮುಂದಿನಿಂದ ಬರಬೇಕು, ನಾವು ಹಿಂದಿನಿಂದ ಹೋಗಬೇಕು. ನಮ್ಮನ್ನು ಬಿಡುವ ಸೈರನ್ನು ಕೋಣೆಯ ಗಡಿಯಾರ ನೋಡಿ ಕೂಗಿಸುತ್ತಿದ್ದರು, ಅದು ಐದು ನಿಮಿಷ ಮುಂದೆ. ಅವರಿಗೆ ಬಾಗಿಲು ತೆರೆಯುತ್ತಿದ್ದದ್ದು ಮುಂಬಾಗಿಲ ಗಡಿಯಾರ ನೋಡಿ, ಅದು ಮೂರು ನಿಮಿಷ ಹಿಂದೆ. ಹೀಗೆ ನಡುವೆ ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ ನಾನು ಮುಖ ತೊಳೆದು, ಬೂಟು ಬಿಚ್ಚಿ, ಹಿಂದಿನ ಬಾಗಿಲು ದಾಟಿ ಬಸ್ಸು ಹತ್ತಿರುತ್ತಿದ್ದೆ. ಯಾರೂ ಬೇಕೆಂದು ಇಟ್ಟ ಎಂಟು ನಿಮಿಷವಲ್ಲ ಅದು. ಆದರೂ ನನ್ನ ಕೈಗಳು ಭುಜಕ್ಕೆ ಅಂಟಿಕೊಂಡಿದ್ದದ್ದು ಅದರ ಕೃಪೆಯಿಂದ.

ಕುಲುಮೆ ಎಂಟು ನಿಮಿಷ ಖಾಲಿ ಉರಿಯುವುದು ಮ್ಯಾನೇಜರನ ಕಣ್ಣಿಗೆ ಬಿತ್ತು. ಹೊಸ ಮಾಸ್ಟರ್ ಕ್ಲಾಕ್ ಹಾಕಿಸುವುದೆಂದಾಯಿತು. ಕೆಲಸ ಸಿಕ್ಕಿದ್ದು ನಮ್ಮ ಭಾವನಿಗೆ.

ಭಾವ ಎರಡು ವಾರ ಕಾರ್ಖಾನೆಯಲ್ಲೇ ಬಿದ್ದಿದ್ದರು. ಛಾವಣಿಗೆ ಉಪಗ್ರಹದಿಂದ ಸಮಯ ಹಿಡಿಯುವ ಆಂಟೆನಾ, ಹಾಜರಿ ಹಾಕುವ ಟೈಮ್ ಆಫೀಸಿಗೆ ತಾಯಿ ಗಡಿಯಾರ, ಅಲ್ಲಿಂದ ಗೋಡೆಗುಂಟ ತಂತಿ, ಇಪ್ಪತ್ತಾರು ಮರಿ. ಮರಿಗಳ ಮುಳ್ಳು ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಹನ್ನೆರಡಕ್ಕೆ ತಂದು ನಿಲ್ಲಿಸಿ, ನಿಜವಾದ ಹನ್ನೆರಡಾದಾಗ ಒಟ್ಟಿಗೆ ಹೊರಡಿಸಿದರು. ಕೊನೆಗೆ ಉಳಿದದ್ದು ಪ್ರೋಗ್ರಾಮ್: ಸೈರನ್ ಎಷ್ಟು ಗಂಟೆಗೆ, ಎಷ್ಟು ಸೆಕೆಂಡು, ಬಾಗಿಲ ಬೀಗ ಯಾವಾಗ ಬಿಚ್ಚಬೇಕು, ಭಾನುವಾರ ಯಾವುದು ಸುಮ್ಮನಿರಬೇಕು, ಇಷ್ಟನ್ನೂ ತಾಯಿಯ ಹೊಟ್ಟೆಗೆ ತುಂಬುವುದು. ಅದಕ್ಕೆ ಮುಂಚಿನ ಸಂಜೆ ಊಟಕ್ಕೆ ಕೂತಾಗ ಭಾವ ಕೇಳಿದರು.

"ಅಲ್ವೋ, ಬಟ್ಟೆ ಕೋಣೆ ಹಳೇ ಗಡಿಯಾರಕ್ಕೂ ಮುಂಬಾಗಿಲಿನ ಹಳೇದಕ್ಕೂ ಎಂಟು ನಿಮಿಷ ವ್ಯತ್ಯಾಸ ಇದೆ, ಅವನ್ನ ಇನ್ನೂ ಇಳಿಸಿಲ್ಲ. ಗೇಟ್ ಕಾಯೋ ತಾತ ಬಂದು, 'ಅವೆರಡನ್ನ ಹಾಗೇ ಬಿಟ್ಬಿಡಿ' ಅಂದ. ಯಾಕಪ್ಪ ಅಂದ್ರೆ, 'ನಿಮ್ಮ ಭಾಮೈದನ್ನೇ ಕೇಳಿ' ಅಂತಾನೆ. ಏನಾದ್ರೂ ಕಾರಣ ಇದ್ಯಾ?"

ಅಕ್ಕ ಬಡಿಸುವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಆ ಹಲ್ಲು ಮುರಿಸಿಕೊಂಡವನು ಆ ಪಾಳಿಯವನೇ ಅಲ್ವೇನೋ?"

"ಅವನೇ. ಏನೀಗ?"

"ನಿನಗೇನಾದ್ರೂ ಹೆದರಿಕೆ ಇದ್ರೆ ಹೇಳಪ್ಪ," ಎಂದರು ಭಾವ, ಮೆತ್ತಗೆ.

ಆ ಮೆತ್ತಗಿನ ಮಾತೇ ನನ್ನ ಮೈಗೆ ಬೆಂಕಿ ಇಟ್ಟಿತು. ಅಪ್ಪನ ಕೈಯಲ್ಲಿ ಬಡಿಸಿಕೊಂಡು ಬೆಳೆದ ಮನುಷ್ಯ ನನ್ನ ಹೆದರಿಕೆ ವಿಚಾರಿಸುವುದೇ?

"ಹೆದರಿಕೆನಾ? ನನಗಾ?" ತಟ್ಟೆ ಅದುರುವಂತೆ ನಕ್ಕೆ. "ಕಾರಣ ಗೀರಣ ಏನೂ ಇಲ್ಲ. ತಾತನಿಗೆ ಅರಳುಮರಳು. ಸರಿಮಾಡಿ ಭಾವ."

ಅವರ ಮುಖ ಅರಳಿತು. ಕೆಟ್ಟ ಗಡಿಯಾರವನ್ನು ಸರಿಮಾಡು ಅಂದರೆ ಅವರಿಗೆ ಅದಕ್ಕಿಂತ ಸುಖ ಬೇರಿಲ್ಲ. ಭಾನುವಾರವೂ, "ನಾಳೆ ಎರಡು ಗಂಟೆಗೆ ನೀನು ನೋಡ್ಬೇಕು ಕಣೋ, ಮುಳ್ಳು ಬೀಳೋದೂ ಸೈರನ್ ಕೂಗೋದೂ ಒಂದೇ ಸಲ," ಎಂದು ಎರಡು ಬಾರಿ ಹೇಳಿದರು. ಎರಡು ಬಾರಿಯೂ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಸೋಮವಾರ ಹೊರಡುವಾಗ ಒಂದು ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎರಡಕ್ಕೆ ಐದು ನಿಮಿಷವಿದ್ದಾಗ ನನ್ನ ಕೈ ತಾನಾಗಿಯೇ ಬೂಟಿನ ಲಾಡಿಗೆ ಹೋಯಿತು. ಹನ್ನೊಂದು ತಿಂಗಳ ಅಭ್ಯಾಸ. ಸೈರನ್ ಕೂಗಲಿಲ್ಲ. ಎರಡಕ್ಕೆ ಮೂರು, ಎರಡಕ್ಕೆ ಒಂದು. ಸಡಿಲಿಸಿದ ಲಾಡಿಯನ್ನು ಮತ್ತೆ ಬಿಗಿದು ಕಟ್ಟಿದೆ. ಸೈರನ್ ಕೂಗಿತು. ನಾವು ನಲವತ್ತು ಜನ ಬಟ್ಟೆ ಕೋಣೆಗೆ ನುಗ್ಗಿದಾಗ ಭಾವ ಗಡಿಯಾರದ ಕೆಳಗೆ ನೋಟ್‌ಬುಕ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ನಕ್ಕರು. "ನೋಡಿದ್ಯಾ? ಒಂದು ಸೆಕೆಂಡೂ ಆಚೀಚೆ ಇಲ್ಲ!"

ಅದೇ ಸೆಕೆಂಡಿಗೆ ಮುಂಬಾಗಿಲ ಬೀಗ ಬಿಚ್ಚಿತ್ತು. ಎದುರಿನಿಂದ ನಲವತ್ತು ಜನ ಬಂದರು.

ಒಂದು ಗಳಿಗೆ ಎಲ್ಲರೂ ನಿಂತಲ್ಲೇ ನಿಂತರು. ಆಮೇಲೆ ಯಾರೋ ಬೀರುವಿನ ತಗಡು ಬಾಗಿಲನ್ನು ಕೀಲಿನಿಂದ ಕಿತ್ತು ಬೀಸಿದ, ನಮ್ಮವನೊಬ್ಬನ ಹಣೆ ಬಾಯಿಬಿಟ್ಟಿತು. ಅಷ್ಟೇ ಸಾಕಾಯಿತು. ಬೆಂಚು, ಬೂಟು, ಕೊಕ್ಕೆ, ಕೈಗೆ ಸಿಕ್ಕಿದ್ದೆಲ್ಲ ಆಯುಧವಾಯಿತು. ಒಬ್ಬನ ತಲೆಯನ್ನು ನಲ್ಲಿಗೆ ಕುಟ್ಟುತ್ತಿದ್ದರು. ಒದ್ದೆ ನೆಲದಲ್ಲಿ ಜಾರಿ ಬಿದ್ದವರ ಬೆರಳುಗಳ ಮೇಲೆ ಕಬ್ಬಿಣದ ಮುಂಗಾಲಿನ ಬೂಟುಗಳು ಓಡಾಡಿದವು. ಬೈಗುಳವೂ ಅಳುವೂ ಒಂದೇ ಸದ್ದಾಗಿತ್ತು. ಆ ಗದ್ದಲದ ಮೇಲಿಂದ ಏಣಿಯ ತಲೆ ಕಂಡಿತು. ಅವನು ಬೇರೆ ಯಾರನ್ನೂ ಮುಟ್ಟಲಿಲ್ಲ. ಕುಲುಮೆ ಕೆದಕುವ ಸಲಾಕೆ ಹಿಡಿದು ನೇರ ನನ್ನ ಕಡೆಗೆ ಬಂದ.

ನಾನು ಇಕ್ಕಳಕ್ಕೆ ಕೈ ಹಾಕಿದೆ, ಅದು ಬೆಲ್ಟಿಗೆ ಸಿಕ್ಕಿಕೊಂಡಿತು. ಯಾರೋ ಹಿಂದಿನಿಂದ ನನ್ನ ಕೊರಳಪಟ್ಟಿ ಹಿಡಿದು ಪಕ್ಕಕ್ಕೆಳೆದರು. ಭಾವ. ನನ್ನ ಮುಂದೆ ಬಂದು ಕೈ ಅಡ್ಡ ಹಿಡಿದು, "ಬೇಡಪ್ಪ, ಬೇಡ," ಎಂದರು. ಮೊದಲ ಏಟಿಗೆ ಅವರ ಬಲಗೈ ಮಣಿಕಟ್ಟು ಕಡ್ಡಿಯಂತೆ ಮುರಿಯಿತು, ನನಗೆ ಕೇಳಿಸಿತು. ಏಣಿಯ ಕೈ ನಿಲ್ಲಲಿಲ್ಲ. ಎರಡನೆಯದು ಬಲಗೆನ್ನೆಯಿಂದ ಕಿವಿಯವರೆಗೆ ಬಿತ್ತು. ಭಾವ ಕೂಗಲೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತರು.

ಆಮೇಲೆ ಇಕ್ಕಳ ನನ್ನ ಕೈಗೆ ಬಂತು. ಮೊದಲು ಏಣಿಯ ಮೊಣಕಾಲಿಗೆ ಹೊಡೆದೆ. ಬಿದ್ದ ಮೇಲೆ ಪಕ್ಕೆಗೆ. ಅವನು ಕೈ ಮುಗಿದ, ಆ ಕೈಗಳ ಮೇಲೂ ಹೊಡೆದೆ. ಅವನು ಸುಮ್ಮನಾದ ಮೇಲೂ ಹೊಡೆದೆ. ಕುಲುಮೆಯವರು ನೀರಿನ ಪೈಪು ತಂದು ನನ್ನ ಮುಖಕ್ಕೆ ಬಿಡುವವರೆಗೆ ಹೊಡೆದೆ. ನನಗೆ ಆಗ ಸಂತೋಷವಾಗುತ್ತಿತ್ತು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಆಗುತ್ತಿತ್ತು.

ಏಣಿ ಬದುಕಿದ, ಊರುಗೋಲಿನ ಮೇಲೆ. ನನಗೆ ಮೂರು ವರ್ಷ ಜೈಲಾಯಿತು. ಮಧ್ಯಾಹ್ನದ ಪಾಳಿಯವರಲ್ಲಿ ಇಬ್ಬರು ಅದೇ ಜೈಲಿಗೆ ಬಂದರು. ಅಲ್ಲಿಯೂ ನಾನು ಎದೆ ಸೆಟೆಸಿಕೊಂಡೇ ಓಡಾಡಿದೆ. ಭಾವನಿಗಾಗಿ ಹೊಡೆದವನು ನಾನು ಎಂದು ಹೇಳಿಕೊಳ್ಳುತ್ತಿದ್ದೆ.

ಐದು ತಿಂಗಳ ಮೇಲೆ ಭಾವ ನೋಡಲು ಬಂದರು, ಅಕ್ಕನ ತೋಳು ಹಿಡಿದು. ನಡುವೆ ತಂತಿ ಜಾಲರಿ. ಅವರ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಸ್ಕ್ರೂ ಹಿಡಿಯಲಾರದ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಪಕ್ಕದ ಬೆಂಚುಗಳಲ್ಲಿ ಆ ಇಬ್ಬರು ತಮ್ಮ ಮನೆಯವರೊಂದಿಗೆ ಮಾತಾಡುತ್ತಿದ್ದರು.

"ಗೇಟ್ ತಾತ ಮನೆಗೆ ಬಂದಿದ್ದ," ಎಂದರು ಭಾವ. "ಎಂಟು ನಿಮಿಷದ ವಿಷಯ ಎಲ್ಲ ಹೇಳ್ದ. ಗಡಿಯಾರ ಬೇರೆ, ಸೈರನ್ ಬೇರೆ ಕಣೋ. ಎಲ್ಲ ಗಡಿಯಾರವೂ ಸರಿಯಾದ ಟೈಮೇ ತೋರಿಸಲಿ, ಬಾಗಿಲು ಮಾತ್ರ ಎಂಟು ನಿಮಿಷ ತಡವಾಗಿ ತೆಗೀಲಿ ಅಂತ ಹಾಕಬಹುದಿತ್ತು. ನಾಲ್ಕು ಸಲ ಬಟನ್ ಒತ್ತೋ ಕೆಲಸ. ಮ್ಯಾನೇಜರ್‌ಗೆ ನಾನೇ ಹೇಳಿ ಒಪ್ಪಿಸ್ತಿದ್ದೆ."

ನಾನು ಬೆಂಚಿನ ಮೇಲೆ ಹಿಂದಕ್ಕೆ ಸರಿದು ಕೂತೆ.

"ಅವತ್ತು ಊಟಕ್ಕೆ ಕೂತಾಗ ಕೇಳಿದ್ನಲ್ಲ. ನಿನಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು, ಅಷ್ಟೇ. ಅಕ್ಕ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಜಾಲರಿಗೆ ಬಾಯಿ ಹಚ್ಚಿ, ಯಾರಿಗೂ ಕೇಳಿಸದ ಹಾಗೆ, "ಹೆದರಿಕೆಯಾಗಿತ್ತು ಭಾವ," ಎಂದೆ.

ಅವರು ನನ್ನ ಮುಖ ನೋಡುತ್ತಲೇ ಇದ್ದರು. ಆಮೇಲೆ ತಲೆ ತಿರುಗಿಸಿ ಎಡಗಿವಿಯನ್ನು ಜಾಲರಿಗೆ ಕೊಟ್ಟರು. "ಬಲಗಿವಿ ಹೋಗಿದೆ ಕಣೋ. ಈ ಕಡೆಯಿಂದ, ಸ್ವಲ್ಪ ಜೋರಾಗಿ ಹೇಳು."

ಪಕ್ಕದ ಬೆಂಚಿನವರು ಮಾತು ನಿಲ್ಲಿಸಿದ್ದರು. ನಾನು ಎರಡೂ ಕೈಯಲ್ಲಿ ಜಾಲರಿಯನ್ನು ಹಿಡಿದೆ.

"ನನಗೆ ಹೆದರಿಕೆಯಾಗಿತ್ತು!" ಕೂಗಿದೆ. "ಏಣಿಗೆ ಹೆದರಿದ್ದೆ. ದಿನಾ ಹೆದರ್ತಿದ್ದೆ ಭಾವ, ಆ ಎಂಟು ನಿಮಿಷ ಬೇಕಾಗಿತ್ತು ನನಗೆ!"

ಕೋಣೆಯೆಲ್ಲ ನಮ್ಮ ಕಡೆ ತಿರುಗಿತು. ಭಾವ ಕಿವಿಯನ್ನು ಜಾಲರಿಯಿಂದ ತೆಗೆಯಲಿಲ್ಲ.

"ಇಷ್ಟೇನಾ," ಎಂದರು. "ಇಷ್ಟು ಹೇಳೋಕಾಗ್ಲಿಲ್ವೇನೋ ನಿನಗೆ?"