ಇಳಿಜಾರಿನಲ್ಲಿ ಎರಡನೆಯ ಲೋಟ

ಏರಿನ ತಿರುವಿನಲ್ಲಿ ನೆಗಡಿಯಾದ ಬಾತುಕೋಳಿ ಕೂಗಿದ ಹಾಗೆ ಹಾರ್ನ್ ಕೇಳಿಸಿತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಚಹಾದಕ್ಕನ ಕೈ ನಿಂತಿತು.

"ಟೈಲರ್ ಗಾಡಿ," ಎಂದಳು ತನ್ನಷ್ಟಕ್ಕೆ.

ಅವಳ ಮನೆಯೆಂದರೆ ಚಹಾದ ಅಂಗಡಿಯ ಬೆನ್ನಿಗಂಟಿದ ಒಂದೂವರೆ ಕೋಣೆ. ರಸ್ತೆಯಾಚೆ ವಾಹನ ತಪಾಸಣೆಯ ಹಳೆಯ ಅಂಗಳ. ತಪಾಸಣೆ ಈಗ ಊರಾಚೆ, ಯಂತ್ರಗಳಿರುವ ಕಟ್ಟಡಕ್ಕೆ ಹೋಗಿದೆ. ಇಲ್ಲಿ ಗೇಟಿಗೆ ತುಕ್ಕು ಹಿಡಿದ ಬೀಗ, ಒಳಗೆ ಮೊಣಕಾಲೆತ್ತರದ ಹುಲ್ಲು. ಅಂಗಳ ತುಂಬಿದ್ದ ಕಾಲದಲ್ಲಿ ಬಂದ ಗಾಡಿಗಳೆಲ್ಲ ಒಂದರ ಹಿಂದೊಂದು ಹಾರ್ನ್ ಬಾರಿಸಿ ತೋರಿಸಬೇಕಿತ್ತು. ಅಳು ಕೇಳಿಯೇ ತನ್ನ ಮಗುವನ್ನು ಗುರುತಿಸುವ ತಾಯಿಯಂತೆ ಚಹಾದಕ್ಕ ಕೂಗು ಕೇಳಿಯೇ ಯಾರ ಗಾಡಿಯೆಂದು ಹೇಳುತ್ತಿದ್ದಳು. ಆಮೇಲೆ ಆ ರಸ್ತೆ ಮೂಕಾಯಿತು. ಮೊದಮೊದಲು ಆ ಮೌನಕ್ಕೆ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಗಾಡಿಯಿಂದ ಮೊದಲು ಇಳಿದವಳು ಅವಳ ತಂಗಿಯ ಮಗಳು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಆ ಮನೆಗಳೆಲ್ಲ ಗುಡ್ಡದ ಓಣಿಗಳಲ್ಲಿದ್ದವು; ಅವಳ ಸ್ಕೂಟರು ಕಳೆದ ತಿಂಗಳು ಕೊನೆಯುಸಿರೆಳೆದಿತ್ತು. ಹಿಂದೆಯೇ ಟೈಲರ್ ಇಳಿದ, ತಲೆ ಪೂರಾ ಬೆಳ್ಳಗಾಗಿತ್ತು.

"ದೊಡ್ಡಮ್ಮಾ, ಇವರ ಈ ಗಾಡಿ ತಗೊಳ್ಳಲಾ ಬೇಡವಾ, ನೀನೇ ಹೇಳು. ಎಂಜಿನ್ ಮೆಕ್ಯಾನಿಕ್ ನೋಡಿ ಒಪ್ಪಿದ್ದಾನೆ. ಇಷ್ಟು ವರ್ಷದ ತಪಾಸಣೆ ವಿವರ ತೆಗೆಸಿದೆ. ಎಲ್ಲಾ ಪಾಸು. ಒಂದು ವರ್ಷ ಮಾತ್ರ ಫೇಲು." ಅವಳು ಹಾಳೆ ಹಿಡಿದಳು. "ಅದೂ ಯಾವುದು? ಹ್ಯಾಂಡ್‌ಬ್ರೇಕು!"

"ಅದಕ್ಕೇನೀಗ?" ಎಂದಳು ಚಹಾದಕ್ಕ.

"ಅದಕ್ಕೇನಾ? ಏರಲ್ಲಿ ಒಬ್ಬರ ಮನೆ ಮುಂದೆ ನಿಲ್ಲಿಸಿ ಒಳಗೆ ಹೋದ್ರೆ, ಬರೋ ಹೊತ್ತಿಗೆ ಗಾಡಿ ಕೆಳಗಿನವರ ಅಡುಗೆಮನೇಲಿ ಇರಬಾರದಲ್ವಾ? ನನಗೆ ಬ್ರೇಕ್ ಮೇಲೆ ನಂಬಿಕೆ ಬೇಕು. ಇಲ್ಲಾಂದ್ರೆ ಬೇಡ."

ಟೈಲರ್ ಹಣೆ ಚಚ್ಚಿಕೊಂಡ. "ಸಂಜೆ ಇನ್ನೊಬ್ಬರು ನೋಡೋಕೆ ಬರ್ತಾರೆ ತಾಯಿ, ಬೇಕೋ ಬೇಡವೋ ಹೇಳಿಬಿಡಿ. ಆ ಫೇಲಿನ ಕಥೆ ಈ ಅಕ್ಕನ್ನೇ ಕೇಳಿ. ಒಂದು ಲೋಟಕ್ಕೆ ನಿಂತ ಗಾಡೀನ ಎರಡನೇ ಲೋಟದಲ್ಲಿ ಫೇಲ್ ಮಾಡಿದ್ರು!"

"ಲೋಟಾನಾ?" ಹುಡುಗಿ ದೊಡ್ಡಮ್ಮನ ಮುಖ ನೋಡಿದಳು.

ಚಹಾದಕ್ಕ ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ಕಡೆ ನೋಡಿದಳು.

ಆಗ ಅಲ್ಲಿ ತಪಾಸಣೆಗೆ ಒಬ್ಬ ಸಾಹೇಬರಿದ್ದರು. ಎತ್ತರದ ಆಳು, ಮಾತು ಕಡಿಮೆ. ಹ್ಯಾಂಡ್‌ಬ್ರೇಕು ನೋಡಲು ಅವರದೇ ಒಂದು ಕ್ರಮವಿತ್ತು. ಗಾಡಿಯನ್ನು ಚಹಾದಂಗಡಿಯ ಎದುರಿನ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಎಳೆಸಿ, ಎಲ್ಲರನ್ನೂ ಇಳಿಸುವುದು. ಹಿಂದಿನ ಚಕ್ರದ ಬುಡಕ್ಕೆ ಚಾಕಿನಲ್ಲೊಂದು ಗೆರೆ ಎಳೆಯುವುದು. ಆಮೇಲೆ ವಿದ್ಯುತ್ ಕಂಬಕ್ಕೊರಗಿ ಒಂದು ಲೋಟ ಚಹಾ ಕುಡಿಯುವುದು. ಲೋಟ ಬರಿದಾದಾಗ ಚಕ್ರ ಗೆರೆಯ ಮೇಲಿದ್ದರೆ ಪಾಸು.

ಹಾಗಾಗಿ ಗಾಡಿಯವರೆಲ್ಲ ಮೊದಲು ಚಹಾದಕ್ಕನ ಒಲೆಯ ಬಳಿ ಬಂದು ಪಿಸುಗುಡುತ್ತಿದ್ದರು: "ಅಕ್ಕಾ, ಅರ್ಧ ಲೋಟ ಹಾಕಕ್ಕ. ನಿನ್ನ ಮಕ್ಕಳು ಮರಿ ತಣ್ಣಗಿರಲಿ."

"ಮಕ್ಕಳಿಲ್ಲ. ಮರಿ ಒಂದಿದೆ, ಬೆಕ್ಕಿಂದು. ಅದು ತಣ್ಣಗೇ ಇದೆ," ಎಂದು ಅವಳು ಅಂಚಿನವರೆಗೆ ತುಂಬುತ್ತಿದ್ದಳು. ಅದೂ ಕುದಿಕುದಿ. ಸಾಹೇಬರಿಗಿಂತ ಅವರ ಲೋಟವೇ ಕಟ್ಟುನಿಟ್ಟು ಎಂದು ಜನ ಗೊಣಗುತ್ತಿದ್ದರು.

ಯಾಕೆ ತುಂಬುತ್ತಾಳೆಂದು ಯಾರೂ ಕೇಳಲಿಲ್ಲ. ಬಿಸಿ ಚಹಾವನ್ನು ನಿಧಾನವಾಗಿಯೇ ಕುಡಿಯಬೇಕು; ನಿಧಾನವಾಗಿ ಕುಡಿಯುವವನು ನಡುವೆ ಏನಾದರೂ ಮಾತಾಡಲೇಬೇಕು. ಸಾಹೇಬರು ಗಾಳಿಯ ಬಗ್ಗೆ ಹೇಳುತ್ತಿದ್ದರು, ತಮ್ಮ ತಾಯಿಯ ಮಂಡಿನೋವಿನ ಬಗ್ಗೆ ಹೇಳುತ್ತಿದ್ದರು. "ಇವತ್ತು ಶುಂಠಿ ಒಂದು ಕೈ ಜಾಸ್ತಿ," ಎನ್ನುತ್ತಿದ್ದರು. ಅವಳು ಒರೆಸಿದ ಹಲಗೆಯನ್ನೇ ಮತ್ತೆ ಒರೆಸುತ್ತ ಕೇಳುತ್ತಿದ್ದಳು. ಅಷ್ಟೇ. ಅಷ್ಟೂ ವರ್ಷ ಅಷ್ಟೇ.

ತಮಗೆ ಬೇರೆ ಊರಿಗೆ ವರ್ಗವಾದ ಸುದ್ದಿಯನ್ನು ಅವರು ಹೇಳಿದ್ದೂ ಎರಡು ಗುಟುಕಿನ ನಡುವೆ. ಅಂದು ಏರಿನಲ್ಲಿ ನಿಂತದ್ದು ಟೈಲರ್ ಗಾಡಿ. ಲೋಟ ಬರಿದಾಯಿತು, ಚಕ್ರ ಗೆರೆ ಬಿಟ್ಟಿರಲಿಲ್ಲ. ಟೈಲರ್ ಇನ್ನೇನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಚಹಾದಕ್ಕ ಕೇಳದೆಯೇ ಲೋಟವನ್ನು ಮತ್ತೆ ತುಂಬಿದಳು. ಸಾಹೇಬರು ಲೋಟ ನೋಡಿದರು, ಅವಳನ್ನು ನೋಡಿದರು. ಬೇಡವೆನ್ನಲಿಲ್ಲ. ಎಂದಿಗಿಂತ ನಿಧಾನವಾಗಿ ಕುಡಿದರು. ಅದು ಅರ್ಧಕ್ಕೆ ಬಂದಾಗ ಗಾಡಿ ಕಟಕ್ಕೆಂದು ಗೇಣುದ್ದ ಕೆಳಗೆ ಜಾರಿತು. ಕಣ್ಣಿಗೆ ಕಂಡದ್ದನ್ನು ಬರೆಯದೆ ಬಿಡುವ ಮನುಷ್ಯ ಅವರಲ್ಲ. ಬರೆದರು. ಮರುದಿನದಿಂದ ಆ ಕಂಬಕ್ಕೆ ಯಾರೂ ಒರಗಲಿಲ್ಲ.

ಚಾಕಿನ ಗೆರೆ, ಒಂದು ಲೋಟದ ಲೆಕ್ಕವನ್ನೆಲ್ಲ ಟೈಲರ್ ಹುಡುಗಿಗೆ ಹೇಳಿ ಮುಗಿಸಿದ. "ಗಾಡಿ ಅಲ್ಲೇ ನಿಲ್ಲಿಸು," ಎಂದಳು ಚಹಾದಕ್ಕ ಟೈಲರ್‌ಗೆ. "ಅದೇ ಜಾಗದಲ್ಲಿ."

ಸಕ್ಕರೆ ಡಬ್ಬಿಯ ಹಿಂದಿನಿಂದ ಚಾಕಿನ ತುಂಡೊಂದನ್ನು ತೆಗೆದು ಬಗ್ಗಿ ಗೆರೆ ಎಳೆದಳು. ಒಲೆ ಹಚ್ಚಿದಳು.

"ಅಕ್ಕಾ," ಟೈಲರ್ ಹಲ್ಲು ಕಿರಿದ, "ಇವತ್ತಾದ್ರೂ ಅರ್ಧ ಲೋಟ..."

"ನೀನು ಅಂಗಿ ಅರ್ಧ ಹೊಲಿದು ಕೊಡ್ತೀಯಾ?"

ತುಂಬಿದ ಲೋಟ ಹಿಡಿದು ಅವಳೇ ಕಂಬಕ್ಕೊರಗಿದಳು. ತಂಗಿಯ ಮಗಳು ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ರೆಪ್ಪೆ ಮಿಟುಕಿಸದೆ ಗೆರೆ ಕಾಯ್ದಳು. ಗಾಳಿ ಹುಲ್ಲಿನ ಮೇಲೆ ಹಾದು ಬಂತು. ಒಂದು ಲೋಟ ಮುಗಿಯಿತು. ಚಕ್ರ ಗೆರೆಯ ಮೇಲೇ ಇತ್ತು.

ಚಹಾದಕ್ಕ ಎರಡನೆಯದನ್ನು ತುಂಬಿದಳು.

"ಅಯ್ಯೋ, ಮತ್ತೆ ಶುರು ಮಾಡಿದೆಯಾ ಮಾರಾಯ್ತಿ!"

"ಸುಮ್ಮನಿರು."

ಎರಡನೆಯದೂ ಮುಗಿಯಿತು. ಗಾಡಿ ಬಂಡೆಯಂತೆ ನಿಂತಿತ್ತು.

"ನಿಲ್ಲದೆ ಏನು?" ಟೈಲರ್ ಎದೆಯುಬ್ಬಿಸಿದ. "ಆ ಫೇಲಿನ ಸಿಟ್ಟಿಗೆ ಅದೇ ವಾರ ಬ್ರೇಕಿನ ಕೇಬಲ್ ಹೊಸದು ಹಾಕಿಸಿದೆ. ಆಮೇಲೆ ಪ್ರತಿ ವರ್ಷ ಬಿಗಿ ಮಾಡಿಸ್ತಾ ಬಂದಿದ್ದೀನಿ. ಯಾವ ಸಾಹೇಬರು ಯಾವಾಗ ಎಷ್ಟು ಲೋಟ ಕುಡೀತಾರೋ ಯಾರಿಗೆ ಗೊತ್ತು!"

ಹುಡುಗಿ ನಕ್ಕು ಎದ್ದು ಮಂಡಿಯ ಧೂಳು ಕೊಡವಿದಳು. "ಸಂಜೆ ಬರೋರಿಗೆ ಬರಬೇಡಿ ಅಂತ ಹೇಳಿಬಿಡಿ. ಗಾಡಿ ನಂದು."

ಟೈಲರ್ ಆ ಮಾತು ಹೇಳಲು ಫೋನ್ ಹಿಡಿದು ಆಚೆ ಹೋದ. ಹುಡುಗಿ ಹಾಳೆಯನ್ನು ಮಡಚಲು ಹೋದವಳು ಮತ್ತೆ ಬಿಡಿಸಿ ಆ ಒಂದು ಸಾಲನ್ನು ನೋಡಿದಳು.

"ಅಲ್ಲ ದೊಡ್ಡಮ್ಮಾ, ಎಲ್ಲರಿಗೂ ಒಂದೇ ಲೋಟ. ಇವರ ಗಾಡಿಗೆ ಮಾತ್ರ ಯಾಕೆ ಎರಡು?"

ಚಹಾದಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದಿನ್ನೂ ಬಿಸಿಯಿತ್ತು.

"ಅದು ಗಾಡಿ ತಪ್ಪಲ್ಲ ಕಣೆ. ಅವತ್ತು ಅವರು ಹೊರಟುನಿಂತಿದ್ರು, ಇನ್ನೊಂದು ಸ್ವಲ್ಪ ಹೊತ್ತು ಅಂತ ನನಗೆ..." ಎನ್ನುತ್ತ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಹಾಲು ಉಕ್ಕಿತೇನೋ ಎಂಬಂತೆ ಸರಸರ ಒಳಗೆ ನಡೆದುಬಿಟ್ಟಳು.