ಕಡೂರಿನಲ್ಲಿ ಅಮ್ಮ ಕುಡಿದ ಟೀ

ಸಾಸರಿನ ಮೇಲೆ ಕಪ್ ಇಡುವಾಗ ಆಗುವ ಆ ಸಣ್ಣ ಸದ್ದನ್ನು ಕೇಳಿ ಬಹಳ ವರ್ಷಗಳಾಗಿದ್ದವು. ಈಗ ಎಲ್ಲಿ ಹೋದರೂ ಕಾಗದದ ಲೋಟ. ಕಳೆದ ತಿಂಗಳು ಅಕ್ಕ ಮತ್ತು ನಾನು ಅಮೃತಾಪುರದ ದೇವಸ್ಥಾನ ನೋಡಿಕೊಂಡು ತರೀಕೆರೆಗೆ ಬಂದೆವು. ಅಜ್ಜಂಪುರದ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಹೊಸದಾಗಿ ತೆರೆದಿದ್ದ ಹೋಟೆಲೊಂದಕ್ಕೆ ಹೋಗಿ ಕೂತೆವು. ಟ್ರೇಯಲ್ಲಿ ಟೀ ಬಂತು. ಪಿಂಗಾಣಿಯ ಕೆಟಲ್ಲು, ಪುಟ್ಟ ಜಗ್ಗಿನಲ್ಲಿ ಹಾಲು, ಸಕ್ಕರೆ ಬೇರೆ, ತಟ್ಟೆಯಲ್ಲಿ ಬೆಣ್ಣೆ ಬಿಸ್ಕತ್ತು. ಅಕ್ಕ ಅದನ್ನೆಲ್ಲ ನೋಡಿ, “ಇದೇನೇ, ಅಡುಗೇನೂ ನಾವೇ ಮಾಡ್ಕೋಬೇಕಾ?” ಎಂದಳು. ನಾನು ಎರಡು ಕಪ್ಪಿಗೂ ಬಗ್ಗಿಸಿ ಒಂದನ್ನು ಅವಳ ಮುಂದೆ ಇಟ್ಟಾಗ ಆ ಸದ್ದು ಕೇಳಿತು. ಕಡೂರಿನ ಹೋಟೆಲು ನೆನಪಾಯಿತು, ಅದರ ಬೆನ್ನಲ್ಲೇ ನಮ್ಮೂರು ಯಗಟಿಯ ಮನೆಯೂ.

ಯಗಟಿಯ ಮನೆಯಲ್ಲಿ ನಾವು ಹದಿನಾಲ್ಕು ಜನ. ಮಧ್ಯಾಹ್ನ ಮೂರಕ್ಕೆ ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಟೀ ಕುದಿಯುತ್ತಿತ್ತು. ಮೊದಲ ಲೋಟ ತಾತನಿಗೆ, ಆಮೇಲೆ ಹೊಲದಿಂದ ಬಂದ ಚಿಕ್ಕಪ್ಪಂದಿರಿಗೆ, ಕುರಿಯ ಉಣ್ಣೆ ಕತ್ತರಿಸಲು ಬಂದವರು ಜಗುಲಿಯಲ್ಲಿದ್ದರೆ ಅವರಿಗೆ, ಕೊನೆಗೆ ಮಕ್ಕಳಿಗೆ. ಎಲ್ಲರದೂ ಆದಮೇಲೆ ಅಮ್ಮ ಸೋಸಿ ಉಳಿದ ಚರಟಕ್ಕೆ ಮತ್ತೆ ನೀರು ಹುಯ್ದು ಕುದಿಸಿ, ಒಲೆಯ ಮುಂದೆ ನಿಂತೇ ಕುಡಿದು, ಪಾತ್ರೆ ಉಜ್ಜಲು ಹೋಗುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಆ ಮನೆ ಪಾಲಾಯಿತು, ಗೋಡೆಗಳು ಬಿದ್ದವು, ಈಗ ಆ ಜಾಗದಲ್ಲಿ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ. ಬೆಲ್ಲ, ಹೊಗೆ, ಉಣ್ಣೆ ಮೂರೂ ಕೂಡಿದ ಒಂದು ವಾಸನೆ ನನಗೆ ಇನ್ನೂ ನೆನಪಿದೆ ಎನ್ನುತ್ತೇನೆ. ಅದು ನಿಜಕ್ಕೂ ಆ ಮನೆಯದೋ, ಆಮೇಲೆ ನಾನು ಕಟ್ಟಿಕೊಂಡದ್ದೋ ಹೇಳಲಾರೆ.

ಬೇಸಿಗೆ ರಜೆ ಬಂದಾಗ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಅಜ್ಜಂಪುರದ ತವರಿಗೆ ಹೊರಡುತ್ತಿದ್ದಳು. ಕಡೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ಬಸ್ ನಿಲ್ದಾಣದ ಎದುರಿಗಿದ್ದ ಹೋಟೆಲಿನಲ್ಲಿ, ಹೆಂಗಸರು ಮಕ್ಕಳು ಕೂರಲೆಂದು, ಪರದೆ ಎಳೆದ ಒಂದು ಸಣ್ಣ ಕೋಣೆ ಇತ್ತು. ಗಲ್ಲಾದಲ್ಲಿದ್ದ ಸಾಹೇಬರು ಒಳಗಿನ ಮಗನಿಗೆ ತಮ್ಮ ಮನೆಮಾತಿನಲ್ಲಿ ಕೂಗಿ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಅಮ್ಮ ಬಸ್ಸು ಹೋಗಿಬಿಟ್ಟೀತೆಂದು ಚಡಪಡಿಸಿದರೆ, “ಎಲ್ಲಿ ಹೋಯ್ತದಮ್ಮಾ ಬಸ್ಸು? ಡ್ರೈವರ್ರು ನಮ್ಮಲ್ಲೇ ಬೋಂಡ ತಿಂತಾವ್ನೆ. ನಿಧಾನಕ್ಕೆ ಕುಡೀರಿ” ಎನ್ನುವರು. ನಮಗೆ ಮಿಕ್ಸ್ಚರು, ಅಮ್ಮನಿಗೆ ಒಂದು ಟೀ. ಅಲ್ಲಿ ಅವಳು ಕೂತಿರುತ್ತಿದ್ದಳು, ಬೇರೆಯವರು ತಂದುಕೊಡುತ್ತಿದ್ದರು. ಅಮ್ಮ ತೀರಿಕೊಂಡ ವಾರ ನಾನು ಡೈರಿಯಲ್ಲಿ ಬರೆದದ್ದು ಒಂದೇ ಸಾಲು: “ಅಮ್ಮ ಕಡೂರಿನಲ್ಲಿ ಮಾತ್ರ ಒಂದು ಕಪ್ ಟೀಯನ್ನು ಪೂರ್ತಿ ಕುಡಿಯುತ್ತಿದ್ದಳು.” ಅವಳ ಬಗ್ಗೆ ಯೋಚಿಸಿದಾಗಲೆಲ್ಲ ನನಗಿದ್ದ ಸಮಾಧಾನ ಅದೊಂದೇ.

ತರೀಕೆರೆಯ ಆ ಹೋಟೆಲಿನಲ್ಲಿ ಈ ಮಾತನ್ನು ಅಕ್ಕನಿಗೆ ಹೇಳಿದೆ. ಅವಳು ಬಿಸ್ಕತ್ತು ಅದ್ದುವುದನ್ನು ನಿಲ್ಲಿಸಿದಳು.

“ಸುಮ್ನಿರೇ. ಪೂರ್ತಿ ಎಲ್ಲಿ ಕುಡಿದ್ಲು? ಅರ್ಧ ನಿಂಗೇ ಹೋಗ್ತಿತ್ತಲ್ಲ!”

“ನಂಗಾ?”

“ಇನ್ಯಾರಿಗೆ? ಹಾಲು ತರಿಸ್ತೀನಿ ಅಂದ್ರೂ ಬ್ಯಾಡ, ಟೀನೇ ಬೇಕು ನಿಂಗೆ. ಸಾಸರಿಗೆ ಹುಯ್ಸ್ಕೊಂಡು ಸೊರ್ ಸೊರ್ ಅಂತ ಎಳೀತಿದ್ದೆ. ಆಚೆ ಕೂತೋರೆಲ್ಲ ಪರದೆ ಕಡೆ ತಿರುಗಿ ನೋಡೋರು. ನಂಗೋ ನಾಚ್ಕೆ.”

“ನಿಂಗೆ ಸರಿಯಾಗಿ ನೆನಪಿದ್ಯಾ?”

“ನಾನೇನು ನಿನ್ ಥರ ಬರ್ಕೊಂಡಿದೀನಾ? ಪಕ್ಕದಲ್ಲೇ ಕೂತಿದ್ದೆ ಕಣೇ.”

ಅಕ್ಕನ ನೆನಪೂ ನನ್ನದರಷ್ಟೇ ಹಳೆಯದು; ಅದನ್ನೇ ಯಾಕೆ ನಂಬಬೇಕು ಎಂದುಕೊಂಡೆ. ಆದರೆ ವಾದಿಸಲು ಹೊರಟಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಮ್ಮ ಕಪ್ಪನ್ನು ಬಾಯಿಗೆ ಎತ್ತಿದ್ದು, ಖಾಲಿ ಮಾಡಿ ಕೆಳಗಿಟ್ಟದ್ದು, ಅಂಥ ಒಂದು ಚಿತ್ರವೂ ನನ್ನಲ್ಲಿಲ್ಲ. ನನಗೆ ಸ್ಪಷ್ಟವಾಗಿ ಗೊತ್ತಿರುವುದು ಸಾಸರು. ಅದರ ಅಂಚಿನ ನೀಲಿ ಗೆರೆ, ಚಕ್ಕೆ ಎದ್ದು ತುಟಿಗೆ ಒರಟಾಗಿ ತಾಕುತ್ತಿದ್ದ ಜಾಗ. ಟೀಯ ರುಚಿಯೂ ಗೊತ್ತು. ಶುಂಠಿ ಜಾಸ್ತಿ, ಸಕ್ಕರೆ ಇನ್ನೂ ಜಾಸ್ತಿ. ಅಮ್ಮನೊಬ್ಬಳೇ ಪೂರ್ತಿ ಕುಡಿದಿದ್ದರೆ ಅದು ನನಗೆ ಹೇಗೆ ಗೊತ್ತಾಗಬೇಕು? ಇಷ್ಟು ವರ್ಷ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

“ಅವಳಿಗೇನೂ ಬೇಜಾರಿರ್ಲಿಲ್ಲ ಬಿಡು” ಎಂದಳು ಅಕ್ಕ.

“ಅದು ನಿಂಗೆ ಹೇಗ್ ಗೊತ್ತು?”

ಅವಳು ಕಪ್ಪನ್ನು ನನ್ನ ಕಡೆ ಸರಿಸಿ, “ಕುಡಿಯೇ, ಆರೋಗ್ತದೆ” ಎಂದಳು.

ಕಡೂರಿನ ಆ ಹೋಟೆಲು ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಯಿದೆ. ಸಾಹೇಬರನ್ನಾಗಲಿ ಅಮ್ಮನನ್ನಾಗಲಿ ಇನ್ನು ಕೇಳುವಂತಿಲ್ಲ. ಡೈರಿಯ ಆ ಸಾಲನ್ನು ನಾನು ಇನ್ನೂ ಹೊಡೆದುಹಾಕಿಲ್ಲ. ಅಂದು ತರೀಕೆರೆಯಲ್ಲಿ ಅಕ್ಕ ತನ್ನ ಕಪ್ ಮುಗಿಸಿ ಕೈ ತೊಳೆಯಲು ಎದ್ದುಹೋದಳು. ನನ್ನ ಕಪ್ಪಿನಲ್ಲಿ ಬೇರೆ ಯಾರ ಪಾಲೂ ಇರಲಿಲ್ಲ. ಸಾಸರನ್ನು ಪಕ್ಕಕ್ಕೆ ಸರಿಸಿ ಒಂದೊಂದೇ ಗುಟುಕು ಕುಡಿದೆ. ಅಕ್ಕ ಬಂದು ಕೂತಳು, ಬಿಲ್ಲು ಬಂತು, ಆಚೆ ಬಸ್ಸು ಬಂದು ನಿಂತಿತು. ನನ್ನದಿನ್ನೂ ಮುಗಿದಿರಲಿಲ್ಲ. ಒಂದು ಕಪ್ ಪೂರ್ತಿ ಕುಡಿಯುವುದಕ್ಕೆ ಇಷ್ಟು ಹೊತ್ತು ಬೇಕೆಂದು ನಾನು ತಿಳಿದಿರಲಿಲ್ಲ.